ವಿಶ್ರಾಂತಿಯೊಂದೇ ಸಾಕೆ?

'ನರ್ಸಿಂಗ್ ಹೋಮ್' ಎಂದೊಡನೆ ನಮ್ಮ ಊರುಗಳಲ್ಲಿ ಕಣ್ಣಿಗೆ ಕಟ್ಟುವುದು ಹೆರಿಗೆಯೋ ಶಸ್ತ್ರಚಿಕಿತ್ಸೆಯೋ ನಡೆಯುವ ಚಿಕ್ಕ ಖಾಸಗಿ ಆಸ್ಪತ್ರೆ. ನಾಲ್ಕು ದಿನವಿದ್ದು, ಬಿಲ್ಲಿನ ಹಣ ತೆತ್ತು, ಮನೆಗೆ ಹಿಂದಿರುಗುವ ಜಾಗ ಅದು. ಅಮೆರಿಕದಲ್ಲಿ ಅದೇ ಹೆಸರಿಗೆ ಬೇರೊಂದು ಅರ್ಥವುಂಟು. ಅಲ್ಲಿ ಅದು ಮುಖ್ಯವಾಗಿ ವೃದ್ಧರು ನೆಲೆಸುವ ಮನೆ. ತಾವಾಗಿ ಸ್ನಾನ ಮಾಡಲಾರದ, ಮೆಟ್ಟಿಲು ಹತ್ತಲಾರದ, ಹೊತ್ತಿಗೆ ಸರಿಯಾಗಿ ಔಷಧಿ ಸೇವಿಸುವ ನೆನಪು ಉಳಿಯದ ಹಿರಿಯರು ಅಲ್ಲಿಗೆ ಸೇರುತ್ತಾರೆ. ಅನೇಕರು ಅಲ್ಲಿಯೇ ಕೊನೆಯುಸಿರೆಳೆಯುತ್ತಾರೆ. ನಮ್ಮಲ್ಲಿ ಇದಕ್ಕೆ ಸಮೀಪವಾದ ಮಾತೆಂದರೆ 'ವೃದ್ಧಾಶ್ರಮ'.

ಹೆತ್ತವರನ್ನು ಇಂಥ ನಿವಾಸಕ್ಕೆ ಸೇರಿಸುವುದು ಧರ್ಮವೋ ಅಧರ್ಮವೋ ಎಂಬ ಚರ್ಚೆ ಮನೆಮನೆಯಲ್ಲಿಯೂ ನಡೆಯುತ್ತದೆ. ಆ ಚರ್ಚೆಯನ್ನು ಇಲ್ಲಿ ಎತ್ತಿಕೊಳ್ಳುವುದಿಲ್ಲ. ಮಕ್ಕಳು ದೂರದೇಶದಲ್ಲಿ ನೆಲೆಸಿರುವ ದಂಪತಿಗಳು, ಮಗ ಸೊಸೆ ಇಬ್ಬರೂ ಕಚೇರಿಗೆ ಹೋಗುವ ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜಿ, ಹಿಂದುಮುಂದು ಯಾರೂ ಇಲ್ಲದ ನಿವೃತ್ತ ಉಪಾಧ್ಯಾಯರು—ಒಬ್ಬೊಬ್ಬರ ಕಾರಣ ಒಂದೊಂದು. ೨೦೧೧ರ ಜನಗಣತಿಯ ವೇಳೆಗೇ ಅರವತ್ತು ವರ್ಷ ದಾಟಿದವರ ಸಂಖ್ಯೆ ನಮ್ಮ ದೇಶದಲ್ಲಿ ಹತ್ತು ಕೋಟಿಯನ್ನು ಮೀರಿತ್ತು. ಇವರಲ್ಲಿ ಕೆಲವರಾದರೂ ಪರರ ಆರೈಕೆಯಲ್ಲಿ ದಿನ ಕಳೆಯಬೇಕಾಗುವುದು ಅನಿವಾರ್ಯ. ಹಾಗೆ ಸೇರಿದ ಮೇಲೆ ಅವರ ಬಾಳು ಹೇಗಿರಬೇಕು? ಈ ಪ್ರಶ್ನೆಯನ್ನು ನಾವು ಕೇಳಿಕೊಳ್ಳುವುದು ಕಡಮೆ.

ನಿವಾಸವನ್ನು ನೋಡಲು ಹೋದ ಮಕ್ಕಳು ಸಾಮಾನ್ಯವಾಗಿ ವಿಚಾರಿಸುವುದು ನಾಲ್ಕು ಸಂಗತಿಗಳನ್ನು: ಊಟ ಶುಚಿಯಾಗಿದೆಯೆ? ವೈದ್ಯರು ಬರುತ್ತಾರೆಯೆ? ಬಿಸಿನೀರು ಉಂಟೆ? ತಿಂಗಳಿಗೆ ಎಷ್ಟು? ಇವೆಲ್ಲ ಅವಶ್ಯವಾಗಿ ಕೇಳತಕ್ಕ ಮಾತುಗಳೇ. ಉತ್ತರ ತೃಪ್ತಿಕರವಾಗಿದ್ದರೆ, "ಇನ್ನು ಅಮ್ಮನಿಗೆ ಯಾವ ಕೆಲಸವೂ ಇಲ್ಲ, ಆರಾಮವಾಗಿರುತ್ತಾಳೆ" ಎಂದುಕೊಂಡು ಹಿಂದಿರುಗುತ್ತೇವೆ. ಯಾವ ಕೆಲಸವೂ ಇಲ್ಲದಿರುವುದು, ಯಾವುದನ್ನೂ ತಾನು ತೀರ್ಮಾನಿಸಬೇಕಾಗಿಲ್ಲದಿರುವುದು ನಿಜವಾಗಿಯೂ ಆರಾಮವೆ? ಕಳೆದ ಅರ್ಧ ಶತಮಾನದಲ್ಲಿ ಈ ಪ್ರಶ್ನೆಯನ್ನು ಕೆಲವರು ಶ್ರದ್ಧೆಯಿಂದ ಪರೀಕ್ಷಿಸಿ ನೋಡಿದ್ದಾರೆ. ಅವರು ಕಂಡುಕೊಂಡದ್ದನ್ನು ನಮ್ಮ ಕುಟುಂಬಗಳೂ ತಿಳಿದಿರುವುದು ಮೇಲು.

ಒಂದು ಹೂಕುಂಡದ ಪ್ರಯೋಗ

ಅಮೆರಿಕದ ಕನೆಕ್ಟಿಕಟ್ ಸಂಸ್ಥಾನದಲ್ಲಿ 'ಆರ್ಡನ್ ಹೌಸ್' ಎಂಬ ವೃದ್ಧರ ಶುಶ್ರೂಷಾಲಯವಿತ್ತು. ಊಟ ವಸತಿ ವೈದ್ಯೋಪಚಾರಗಳಲ್ಲಿ ಅದು ಒಳ್ಳೆಯ ಹೆಸರು ಪಡೆದ ಸಂಸ್ಥೆ. ಎಲೆನ್ ಲ್ಯಾಂಗರ್, ಜೂಡಿತ್ ರೋಡಿನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞೆಯರು ಅಲ್ಲಿ ನಡೆಸಿದ ಪ್ರಯೋಗದ ವರದಿ ೧೯೭೬ರಲ್ಲಿ ಪ್ರಕಟವಾಯಿತು. ಪ್ರಯೋಗ ಎಷ್ಟು ಸರಳವೆಂದರೆ, ಅದಕ್ಕೆ ಯಾವ ಯಂತ್ರವೂ ಬೇಕಾಗಿರಲಿಲ್ಲ, ಯಾವ ಔಷಧಿಯೂ ಬೇಕಾಗಿರಲಿಲ್ಲ.

ಎರಡು ಅಂತಸ್ತುಗಳಲ್ಲಿದ್ದ ೯೧ ಮಂದಿ ವೃದ್ಧರನ್ನು ಅವರು ಆರಿಸಿಕೊಂಡರು. ಒಂದು ಅಂತಸ್ತಿನವರನ್ನು ಕರೆದು ಸಂಸ್ಥೆಯ ಮೇಲ್ವಿಚಾರಕರು ಹೀಗೆ ತಿಳಿಸಿದರು: ನಿಮ್ಮ ಕೋಣೆಯ ಸಾಮಾನುಗಳನ್ನು ಹೇಗಿಡಬೇಕೆಂಬುದು ನಿಮ್ಮ ಇಷ್ಟ; ಹೊತ್ತನ್ನು ಹೇಗೆ ಕಳೆಯಬೇಕು, ಯಾರನ್ನು ಮಾತನಾಡಿಸಬೇಕು ಎಂಬುದು ನಿಮಗೆ ಸೇರಿದ್ದು; ಇಲ್ಲಿ ಏನಾದರೂ ಸರಿಯಿಲ್ಲವೆಂದು ತೋರಿದರೆ ಅದನ್ನು ತಿಳಿಸಿ ಬದಲಾಯಿಸಿಕೊಳ್ಳುವುದೂ ನಿಮ್ಮ ಹೊಣೆ. ಮುಂದಿನ ವಾರ ಎರಡು ರಾತ್ರಿ ಸಿನಿಮಾ ಉಂಟು. ಯಾವ ರಾತ್ರಿ ನೋಡುತ್ತೀರಿ, ಅಥವಾ ನೋಡುವುದೇ ಇಲ್ಲವೆ, ನೀವೇ ಹೇಳಿ. ಹೀಗೆಂದು ಒಂದು ಪೆಟ್ಟಿಗೆಯಲ್ಲಿ ಪುಟ್ಟ ಗಿಡಗಳನ್ನು ತಂದು, ಬೇಕಾದವರು ಬೇಕಾದುದನ್ನು ಆರಿಸಿಕೊಂಡು ಸಾಕಬಹುದೆಂದರು.

ಇನ್ನೊಂದು ಅಂತಸ್ತಿನವರಿಗೂ ಅದೇ ವಿಶ್ವಾಸದಿಂದ, ಅದೇ ನಗುಮುಖದಿಂದ ಮಾತನಾಡಿದರು. ಆದರೆ ಮಾತಿನ ಧಾಟಿ ಬೇರೆ: ನಿಮ್ಮನ್ನು ಸುಖವಾಗಿಡುವುದು ನಮ್ಮ ಹೊಣೆ, ನಿಮ್ಮ ಕೋಣೆಯನ್ನು ಅಚ್ಚುಕಟ್ಟಾಗಿಟ್ಟಿದ್ದೇವೆ, ಸಿನಿಮಾ ಯಾವ ದಿನವೆಂಬುದನ್ನು ನಾವೇ ತಿಳಿಸುತ್ತೇವೆ. ಇವರಿಗೂ ಒಂದೊಂದು ಗಿಡ ದೊರೆಯಿತು. ಅದನ್ನು ಅವರ ಕೈಗೆ ಕೊಟ್ಟು, ನೀರೆರೆದು ನೋಡಿಕೊಳ್ಳುವ ಕೆಲಸ ದಾದಿಯರದೆಂದು ಹೇಳಲಾಯಿತು.

ವ್ಯತ್ಯಾಸವೆಲ್ಲ ಇಷ್ಟೇ. ಊಟ ಒಂದೇ, ವೈದ್ಯರು ಒಬ್ಬರೇ, ಗಿಡವೂ ಇಬ್ಬರಿಗೂ ಸಿಕ್ಕಿತು. ಒಬ್ಬರಿಗೆ ಗಿಡದ ಹೊಣೆ ಸಿಕ್ಕಿತು, ಇನ್ನೊಬ್ಬರಿಗೆ ಸಿಗಲಿಲ್ಲ.

ಮೂರು ವಾರಗಳ ತರುವಾಯ ವೃದ್ಧರನ್ನೂ ದಾದಿಯರನ್ನೂ ಪ್ರಶ್ನಿಸಿದರು. ಯಾರಿಗೆ ಏನು ಹೇಳಲಾಗಿತ್ತೆಂಬುದು ಆ ದಾದಿಯರಿಗೆ ತಿಳಿದಿರಲಿಲ್ಲ. ಹೊಣೆ ಪಡೆದ ಗುಂಪಿನಲ್ಲಿ ಶೇಕಡಾ ೯೩ ಮಂದಿ ಒಟ್ಟಿನಲ್ಲಿ ಸುಧಾರಿಸಿದ್ದರು. ಇನ್ನೊಂದು ಗುಂಪಿನಲ್ಲಿ ಹಾಗೆ ಸುಧಾರಿಸಿದವರು ಶೇಕಡಾ ೨೧ ಮಂದಿ ಮಾತ್ರ. ಹೊಣೆ ಹೊತ್ತವರು ಹೆಚ್ಚು ಚುರುಕಾಗಿದ್ದರು. ಇತರರ ಕೋಣೆಗೆ ಹೋಗಿ ಬರುತ್ತಿದ್ದರು. ಕೆಲಸಗಾರರೊಡನೆ ಹರಟೆ ಹೊಡೆಯುತ್ತಿದ್ದರು. ಹದಿನೆಂಟು ತಿಂಗಳಾದ ಮೇಲೆ ಮತ್ತೆ ಹೋಗಿ ನೋಡಿದಾಗ ಮೊದಲ ಗುಂಪಿನ ೪೭ ಮಂದಿಯಲ್ಲಿ ಏಳು ಜನ ತೀರಿಕೊಂಡಿದ್ದರು. ಎರಡನೆಯ ಗುಂಪಿನ ೪೪ ಮಂದಿಯಲ್ಲಿ ಹದಿಮೂರು ಜನ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ. ಸಾವಿನ ಲೆಕ್ಕವನ್ನು ಕುರಿತ ಗಣಿತದಲ್ಲಿ ತಪ್ಪು ನುಸುಳಿತ್ತೆಂದು ೧೯೭೮ರಲ್ಲಿ ತಿದ್ದುಪಡಿ ಪ್ರಕಟವಾಯಿತು. ಮೊದಲು ತೋರಿದಷ್ಟು ಬಲವಾದ ಸಾಕ್ಷ್ಯ ಆ ಅಂಕೆಗಳಲ್ಲಿರಲಿಲ್ಲ. ಇಷ್ಟು ಚಿಕ್ಕ ಗುಂಪಿನಲ್ಲಿ ಕಾಕತಾಳೀಯದ ಪಾಲೂ ಇರಬಹುದು. ಆದಕಾರಣ, ಹೂಕುಂಡ ಕೊಟ್ಟರೆ ಆಯುಷ್ಯ ಇಮ್ಮಡಿಯಾಗುವುದೆಂದು ಯಾರಾದರೂ ಹೇಳಿದರೆ ನಂಬಬೇಕಾಗಿಲ್ಲ. ಇದ್ದಷ್ಟು ದಿನ ಮನುಷ್ಯ ಹೇಗೆ ಇರುತ್ತಾನೆಂಬ ವಿಷಯದಲ್ಲಿ ಮಾತ್ರ ಈ ಪ್ರಯೋಗ ಹೇಳಿದ್ದು ಇಂದಿಗೂ ಮನನ ಯೋಗ್ಯವಾಗಿದೆ.

ಕೊಟ್ಟು ಕಸಿದರೆ?

ಅದೇ ೧೯೭೬ರಲ್ಲಿ ರಿಚರ್ಡ್ ಷುಲ್ಜ್ ಎಂಬ ಇನ್ನೊಬ್ಬ ಸಂಶೋಧಕರು ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ವೃದ್ಧರ ನಿವಾಸವೊಂದಕ್ಕೆ ಕಾಲೇಜು ವಿದ್ಯಾರ್ಥಿಗಳು ಹೋಗಿ ಹಿರಿಯರನ್ನು ಮಾತನಾಡಿಸಿಕೊಂಡು ಬರುವುದು ಅವರ ಏರ್ಪಾಡು. ವಿದ್ಯಾರ್ಥಿ ಎಂದು ಬರಬೇಕು, ಎಷ್ಟು ಹೊತ್ತು ಇರಬೇಕು ಎಂಬುದನ್ನು ಕೆಲವರು ತಾವೇ ಗೊತ್ತುಮಾಡುತ್ತಿದ್ದರು. ಕೆಲವರಿಗೆ ಬರುವ ದಿನವನ್ನು ಮುಂಚಿತವಾಗಿ ತಿಳಿಸುತ್ತಿದ್ದರು. ಇನ್ನು ಕೆಲವರಲ್ಲಿಗೆ ಯಾವ ಸೂಚನೆಯೂ ಇಲ್ಲದೆ ಹೋಗುತ್ತಿದ್ದರು. ಮತ್ತೆ ಕೆಲವರಲ್ಲಿಗೆ ಹೋಗುತ್ತಲೇ ಇರಲಿಲ್ಲ. ಮೊದಲ ಎರಡು ಬಗೆಯವರು ಹೆಚ್ಚು ಉಲ್ಲಾಸದಿಂದಲೂ ಆರೋಗ್ಯದಿಂದಲೂ ಇದ್ದರು. ಬರುವವರು ಎಂದು ಬರುತ್ತಾರೆಂದು ತಿಳಿದು ಕಾಯುವುದು, ಬಂದವರೊಡನೆ ಮಾತನಾಡುವಷ್ಟೇ ದೊಡ್ಡ ಸುಖವಾಗಿತ್ತು.

ಅಧ್ಯಯನ ಮುಗಿಯಿತು, ವಿದ್ಯಾರ್ಥಿಗಳು ಹೊರಟುಹೋದರು. ಷುಲ್ಜ್ ಅವರೂ ಅವರ ಸಹೋದ್ಯೋಗಿಯೂ ಕೆಲವು ವರ್ಷಗಳವರೆಗೆ ಆ ವೃದ್ಧರ ಸ್ಥಿತಿಯನ್ನು ವಿಚಾರಿಸುತ್ತ ಬಂದು, ಕಂಡದ್ದನ್ನು ೧೯೭೮ರಲ್ಲಿ ಹೇಳಿದರು. ಭೇಟಿಯಿಂದ ಯಾರು ಹೆಚ್ಚು ಪ್ರಯೋಜನ ಪಡೆದಿದ್ದರೋ, ಅದು ನಿಂತ ಮೇಲೆ ಹೆಚ್ಚು ಕುಸಿದವರೂ ಅವರೇ! ಏನನ್ನೂ ಪಡೆಯದವರಲ್ಲಿ ಅಂಥ ಕುಸಿತ ಕಾಣಲಿಲ್ಲ.

ಒಂದು ತಿಂಗಳು ವಾರವಾರವೂ ಹೋಗಿ, ಆಮೇಲೆ ಆರು ತಿಂಗಳು ಮುಖ ತೋರದಿರುವ ಬಂಧುಗಳು ಈ ಮಾತನ್ನು ಮನಸ್ಸಿಗೆ ತಂದುಕೊಳ್ಳಬೇಕು. ಹಬ್ಬದ ದಿನ ಸಿಹಿ ಹಂಚಿ, ಭಾವಚಿತ್ರ ತೆಗೆಸಿಕೊಂಡು, ಮುಂದಿನ ವರ್ಷದವರೆಗೆ ಮರೆತುಬಿಡುವ ಸಂಘಗಳೂ ತಂದುಕೊಳ್ಳಬೇಕು. ಚಿಕ್ಕದಾದರೂ ತಪ್ಪದೆ ನಡೆಯುವ ಭೇಟಿಯೇ ಹಿರಿಯರಿಗೆ ಆಸರೆ.

ತೊಂಬತ್ತರ ಕಾಲುಗಳು

"ಮನಸ್ಸಿನ ಮಾತು ಹಾಗಿರಲಿ, ದೇಹ ಸಹಕರಿಸಬೇಡವೆ?" ಎಂದು ವಾಚಕರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಮುಪ್ಪಿನಲ್ಲಿ ಮಾಂಸಖಂಡಗಳು ಕರಗುತ್ತವೆ. ಹಾಸಿಗೆಯಲ್ಲಿ ಮಲಗಿಯೇ ಇದ್ದರೆ ಇನ್ನೂ ಬೇಗ ಕರಗುತ್ತವೆ. ಕಾಲಿನ ಬಲ ಹೋದರೆ ಬೀಳುವ ಭಯ. ಭಯದಿಂದ ನಡೆಯುವುದು ಕಡಮೆ. ನಡೆಯದಿರುವುದರಿಂದ ಬಲ ಮತ್ತಷ್ಟು ಕಡಮೆ. ಈ ವಿಷವರ್ತುಲದಲ್ಲಿ ಸಿಲುಕಿದವರನ್ನು ನೋಡಿ "ವಯಸ್ಸಾಯಿತು" ಎನ್ನುತ್ತೇವೆ.

ಬಾಸ್ಟನ್ ನಗರದ ವೃದ್ಧರ ನಿವಾಸವೊಂದರಲ್ಲಿ ಮರಿಯಾ ಫಿಯಾಟರೋನ್ ಎಂಬ ವೈದ್ಯೆ ಈ ವರ್ತುಲವನ್ನು ಮುರಿಯಲು ಯತ್ನಿಸಿದರು. ೧೯೯೦ರಲ್ಲಿ ಪ್ರಕಟವಾದ ಅವರ ಮೊದಲ ಅಧ್ಯಯನಕ್ಕೆ ಸೇರಿದವರು ಹತ್ತು ಮಂದಿ. ಸರಾಸರಿ ವಯಸ್ಸು ತೊಂಬತ್ತು! ಎಂಟು ವಾರಗಳ ಕಾಲ, ಮೇಲ್ವಿಚಾರಣೆಯಲ್ಲಿ, ಕಾಲುಗಳಿಂದ ಭಾರ ಎತ್ತುವ ವ್ಯಾಯಾಮ ಮಾಡಿಸಿದರು. ಕಾಲಿನ ಬಲ ಸರಾಸರಿ ಶೇಕಡಾ ೧೭೪ರಷ್ಟು ಹೆಚ್ಚಿತು. ಎಂದರೆ, ಮೊದಲಿನ ಎರಡೂವರೆ ಪಟ್ಟನ್ನೂ ಮೀರಿತು. ೧೯೯೪ರಲ್ಲಿ ನೂರು ಮಂದಿ ನಿವಾಸಿಗಳ ಮೇಲೆ ನಡೆಸಿದ ದೊಡ್ಡ ಅಧ್ಯಯನವೂ ಇದನ್ನು ಸಮರ್ಥಿಸಿತು; ವ್ಯಾಯಾಮ ಮಾಡಿದವರು ಮೊದಲಿಗಿಂತ ವೇಗವಾಗಿ ನಡೆದರು, ಮೆಟ್ಟಿಲನ್ನು ಬಲವಾಗಿ ಹತ್ತಿದರು. ಗಮನಿಸತಕ್ಕ ಅಂಶ ಇನ್ನೊಂದಿದೆ. ಆ ಅಧ್ಯಯನದಲ್ಲಿ ಕೆಲವರಿಗೆ ವ್ಯಾಯಾಮವಿಲ್ಲದೆ ಪೌಷ್ಟಿಕ ಪಾನೀಯವನ್ನು ಮಾತ್ರ ಕೊಟ್ಟಿದ್ದರು. ಅದರಿಂದ ಅವರ ಬಲ ಹೆಚ್ಚಲಿಲ್ಲ. ಅಂಗಡಿಯಿಂದ ಪುಷ್ಟಿಯ ಪುಡಿಯ ಡಬ್ಬಿಯನ್ನು ಒಯ್ದುಕೊಟ್ಟು ನಮ್ಮ ಕರ್ತವ್ಯ ತೀರಿತೆಂದು ಭಾವಿಸುವವರಿಗೆ ಇದೊಂದು ಪಾಠ.

ವೃದ್ಧರೆಲ್ಲರೂ ನಾಳೆಯಿಂದಲೇ ಭಾರ ಎತ್ತಬೇಕೆಂದು ಇದರ ಅರ್ಥವಲ್ಲ. ವೈದ್ಯರ ಸಲಹೆ ಬೇಕು, ಪಕ್ಕದಲ್ಲಿ ಬಲ್ಲವರೊಬ್ಬರು ಇರಬೇಕು. ಆದರೆ ಕುರ್ಚಿಯಿಂದ ತಾನೇ ಎದ್ದು ಶೌಚಗೃಹಕ್ಕೆ ಹೋಗಿ ಬರುವ ಶಕ್ತಿಯೆಂಬುದು ಹಿರಿಯರ ಮಾನಕ್ಕೆ ಸೇರಿದ ಸಂಗತಿ. ಅದು ಒಮ್ಮೆ ಹೋದರೆ ಮತ್ತೆ ಬಾರದೆಂದು ಮುಂಚೆಯೇ ಕೈಚೆಲ್ಲಬೇಕಾಗಿಲ್ಲ.

ನೂರು ಹಕ್ಕಿಗಳು ಬಂದ ದಿನ

ಹೂಕುಂಡದ ವಿಚಾರವನ್ನು ಇಡೀ ಸಂಸ್ಥೆಗೇ ವಿಸ್ತರಿಸಿದರೆ ಹೇಗೆ? ಅಂಥ ಸಾಹಸ ನಡೆದದ್ದು ನ್ಯೂಯಾರ್ಕ್ ಸಂಸ್ಥಾನದ ನ್ಯೂ ಬರ್ಲಿನ್ ಎಂಬ ಪುಟ್ಟ ಊರಿನಲ್ಲಿ. ಅಲ್ಲಿಯ 'ಚೇಸ್ ಮೆಮೋರಿಯಲ್' ಶುಶ್ರೂಷಾಲಯದಲ್ಲಿ ಎಂಬತ್ತು ಮಂದಿ ವೃದ್ಧರಿದ್ದರು. ೧೯೯೧ರಲ್ಲಿ ಬಿಲ್ ಥಾಮಸ್ ಎಂಬ ತರುಣ ವೈದ್ಯರು ಅದರ ವೈದ್ಯಾಧಿಕಾರಿಯಾಗಿದ್ದರು. ರೋಗಿಗಳಿಗೆ ಔಷಧಿ ಬರೆಯುತ್ತ ಬರೆಯುತ್ತ ಅವರಿಗೆ ತೋರಿದ್ದು ಹೀಗೆ: ಇಲ್ಲಿಯ ದೊಡ್ಡ ರೋಗಗಳು ಮೂರು—ಬೇಸರ, ಒಂಟಿತನ, ಅಸಹಾಯಕತೆ. ಮೂರಕ್ಕೂ ಮಾತ್ರೆಗಳಿಲ್ಲ.

ಅವರು ಆಡಳಿತದವರನ್ನು ಒಲಿಸಿ, ಸರ್ಕಾರದ ಅಪ್ಪಣೆ ಪಡೆದು, ನಿವಾಸಕ್ಕೆ ಎರಡು ನಾಯಿ, ನಾಲ್ಕು ಬೆಕ್ಕು, ನೂರು ಗಿಣಿಜಾತಿಯ ಪುಟ್ಟ ಹಕ್ಕಿಗಳನ್ನು ತರಿಸಿದರು. ಕೋಣೆಕೋಣೆಗೂ ಗಿಡಗಳು ಬಂದವು. ಹಿತ್ತಿಲಲ್ಲಿ ತರಕಾರಿ ತೋಟ ಎದ್ದಿತು. ಕೆಲಸಗಾರರ ಮಕ್ಕಳು ಅಲ್ಲಿಯೇ ಆಡತೊಡಗಿದರು. ಹಕ್ಕಿಗಳು ಬಂದ ದಿನ ಅವುಗಳ ಪಂಜರಗಳು ಇನ್ನೂ ಬಂದಿರಲಿಲ್ಲವಂತೆ! ತಂದಾತ ಅಷ್ಟನ್ನೂ ಕೇಶಾಲಂಕಾರದ ಕೋಣೆಯೊಳಗೆ ಬಿಟ್ಟು, ಬಾಗಿಲೆಳೆದುಕೊಂಡು ನಡೆದುಬಿಟ್ಟ. ಪಂಜರಗಳು ಬಿಡಿಬಿಡಿಯಾಗಿ ಬಂದಮೇಲೆ ಎಲ್ಲರೂ ಕುಳಿತು ಜೋಡಿಸಬೇಕಾಯಿತು. ಗಾಜಿನ ಆಚೆ ನಿಂತು ಈ ಗದ್ದಲವನ್ನು ನೋಡಿದ ವೃದ್ಧರು ಹೊಟ್ಟೆ ಹುಣ್ಣಾಗುವಂತೆ ನಕ್ಕರಂತೆ.

ಭಾರತೀಯ ಮೂಲದ ಶಸ್ತ್ರವೈದ್ಯ ಅತುಲ್ ಗವಾಂಡೆ ೨೦೧೪ರಲ್ಲಿ ಬರೆದ 'ಬೀಯಿಂಗ್ ಮಾರ್ಟಲ್' ಎಂಬ ಗ್ರಂಥದಲ್ಲಿ ಈ ವೃತ್ತಾಂತವನ್ನು ಸವಿಸ್ತಾರವಾಗಿ ಹೇಳಿದ್ದಾರೆ. ಹೋಲಿಕೆಗಾಗಿ ಆರಿಸಿಕೊಂಡ ಸಮೀಪದ ಇನ್ನೊಂದು ನಿವಾಸಕ್ಕಿಂತ ಚೇಸ್ ನಿವಾಸದಲ್ಲಿ ತಲೆಗೆ ಬರೆದುಕೊಡುವ ಔಷಧಿಗಳ ಸಂಖ್ಯೆ ಅರ್ಧಕ್ಕೆ ಇಳಿಯಿತೆಂದೂ, ಸಾವುಗಳು ಶೇಕಡಾ ೧೫ರಷ್ಟು ತಗ್ಗಿದವೆಂದೂ ಅವರು ಬರೆಯುತ್ತಾರೆ. ಮನಸ್ಸಿನ ಉದ್ವೇಗವನ್ನು ಅಡಗಿಸುವ ಮಂಪರಿನ ಔಷಧಿಗಳ ಬಳಕೆ ವಿಶೇಷವಾಗಿ ಕಡಮೆಯಾಯಿತು. ಇದು ಚಿಕ್ಕ ಲಾಭವಲ್ಲ. ವೃದ್ಧರ ದೇಹ ಔಷಧಿಗಳನ್ನು ನಿಧಾನವಾಗಿ ಕಳೆದುಕೊಳ್ಳುತ್ತದೆ; ಅನೇಕ ಮಾತ್ರೆಗಳು ಒಟ್ಟುಗೂಡಿದಾಗ ತಲೆಸುತ್ತು, ಮರೆವು, ಬೀಳುವಿಕೆ ಹೆಚ್ಚುತ್ತವೆ. ಶುಶ್ರೂಷಾಲಯಗಳ ವೃದ್ಧರಿಗೆ ಸಲ್ಲದ ಔಷಧಿಗಳ ಪಟ್ಟಿಯೊಂದನ್ನು ಮಾರ್ಕ್ ಬಿಯರ್ಸ್ ಎಂಬ ವೈದ್ಯರು ಪ್ರಕಟಿಸಿದ್ದೂ ಅದೇ ೧೯೯೧ರಲ್ಲಿ. ಪರಿಷ್ಕಾರಗೊಳ್ಳುತ್ತ ಬಂದ ಆ ಪಟ್ಟಿ ಇಂದಿಗೂ ವೈದ್ಯರ ಕೈಯಲ್ಲಿದೆ.

ಕಾವಲೋ, ಕಟ್ಟೋ?

ಹಿರಿಯರಿಗೆ ಸ್ವಾತಂತ್ರ್ಯ ಕೊಟ್ಟರೆ ಅಪಾಯವೂ ಉಂಟು. ತಾನೇ ನಡೆದಾಡುವ ಅಜ್ಜ ಜಾರಿ ಬೀಳಬಹುದು. ಬಿದ್ದರೆ ಮಕ್ಕಳು ಸಂಸ್ಥೆಯವರ ಮೇಲೆ ಹರಿಹಾಯುತ್ತಾರೆ. ಆದ್ದರಿಂದ ಸಂಸ್ಥೆಯವರು ಅಜ್ಜನನ್ನು ಕುರ್ಚಿಯಿಂದ ಏಳಗೊಡುವುದಿಲ್ಲ. ಅಮೆರಿಕದಲ್ಲಿ ಒಂದು ಕಾಲಕ್ಕೆ ವೃದ್ಧರನ್ನು ಪಟ್ಟಿಗಳಿಂದ ಕುರ್ಚಿಗೋ ಮಂಚಕ್ಕೋ ಬಿಗಿದಿಡುವುದು ವಾಡಿಕೆಯ ಮಾತಾಗಿತ್ತು. ೧೯೮೭ರ ಶಾಸನ, ಶಿಕ್ಷೆಗಾಗಿಯಾಗಲಿ ಕೆಲಸಗಾರರ ಅನುಕೂಲಕ್ಕಾಗಿಯಾಗಲಿ ಹೀಗೆ ಕಟ್ಟುವುದನ್ನೂ ಔಷಧಿಯಿಂದ ಮಂಕಾಗಿಸುವುದನ್ನೂ ನಿಷೇಧಿಸಿತು. ಕಟ್ಟುವುದರಿಂದ ಪೆಟ್ಟುಗಳು ತಪ್ಪಲಿಲ್ಲವೆಂಬುದು ಆಮೇಲಿನ ಅಧ್ಯಯನಗಳಿಂದ ತಿಳಿದುಬಂದಿತು. ಬಿಗಿದಿಟ್ಟ ದೇಹ ಬಲಗುಂದಿ, ಬಿಚ್ಚಿದಾಗ ಇನ್ನಷ್ಟು ಸುಲಭವಾಗಿ ಬೀಳುತ್ತಿತ್ತು.

ಸುರಕ್ಷತೆ ಮುಖ್ಯವಲ್ಲವೆಂದು ಹೇಳುವಂತಿಲ್ಲ. ೨೦೨೦ರಲ್ಲಿ ಕೋವಿಡ್ ಪಿಡುಗು ಹಬ್ಬಿದಾಗ ಶುಶ್ರೂಷಾಲಯಗಳ ವೃದ್ಧರು ಲೋಕದಾದ್ಯಂತ ಅಪಾರ ಸಂಖ್ಯೆಯಲ್ಲಿ ಬಲಿಯಾದರು. ಬಾಗಿಲು ಮುಚ್ಚದೆ ಗತಿಯಿರಲಿಲ್ಲ. ಆದರೆ ತಿಂಗಳುಗಟ್ಟಲೆ ಕಿಟಕಿಯ ಗಾಜಿನ ಆಚೆ ನಿಂತ ಮಗಳ ಮುಖವನ್ನು ಕಂಡು ಕೈಯಾಡಿಸಿದ ತಾಯಂದಿರು ಅನ್ನ ನೀರುಗಳಲ್ಲಿ ಆಸಕ್ತಿ ಕಳೆದುಕೊಂಡದ್ದನ್ನೂ ಆಗ ವೈದ್ಯರು ಕಂಡರು. ರೋಗದಿಂದ ಕಾಪಾಡುವುದೂ ಬಾಳಿನೊಡನೆ ಬೆಸೆದಿಡುವುದೂ, ಎರಡೂ ಆರೈಕೆಯ ಅಂಗಗಳೇ. ಒಂದಕ್ಕಾಗಿ ಇನ್ನೊಂದನ್ನು ಬಿಡಬೇಕಾಗಿ ಬಂದಾಗ, ಆ ಮಾತನ್ನು ಹಿರಿಯರೊಡನೆಯೇ ಆಡುವುದು ಉಚಿತ. ಬೀಳುವ ಅಪಾಯ ಅವರದು. ನಡೆಯುವ ಸುಖವೂ ಅವರದೇ.

ನಮ್ಮ ಆಶ್ರಮಗಳು

ನಮ್ಮ ದೇಶದಲ್ಲಿ ತಂದೆತಾಯಿಗಳ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣದ ಕಾಯಿದೆ ೨೦೦೭ರಲ್ಲಿ ಬಂದಿತು. ನಿರ್ಗತಿಕ ವೃದ್ಧರಿಗಾಗಿ ಜಿಲ್ಲೆಗೊಂದಾದರೂ ನಿವಾಸವನ್ನು, ಕನಿಷ್ಠ ೧೫೦ ಮಂದಿ ಇರತಕ್ಕಂತೆ, ರಾಜ್ಯ ಸರ್ಕಾರಗಳು ಸ್ಥಾಪಿಸಲು ಅದರ ೧೯ನೆಯ ವಿಧಿ ಅವಕಾಶ ಕಲ್ಪಿಸಿದೆ. ಅಲ್ಲಿಯ ವಾಸಿಗಳಿಗೆ ವೈದ್ಯೋಪಚಾರವೂ ಮನರಂಜನೆಯೂ ದೊರೆಯಬೇಕೆಂಬ ಮಾತು ಅದೇ ವಿಧಿಯಲ್ಲಿದೆ. ಒಳ್ಳೆಯದೇ. ಮನರಂಜನೆಯನ್ನು ಇತರರು ಏರ್ಪಡಿಸುತ್ತಾರೆ, ವೃದ್ಧರು ಕುಳಿತು ನೋಡುತ್ತಾರೆ. ಹೊಣೆಯೆಂಬುದನ್ನು ಅವರೇ ಹೊರಬೇಕು. ಆರ್ಡನ್ ಹೌಸಿನಲ್ಲಿ ಗಿಡದ ಮೂಲಕ ದೊರೆತದ್ದು ಈ ಎರಡನೆಯದು.

ನಮ್ಮ ಮಾತಿನಲ್ಲಿಯೇ ಇದರ ಸುಳಿವು ಅಡಗಿದೆ. 'ಆಶ್ರಮ' ಎಂಬ ಶಬ್ದ ಸಂಸ್ಕೃತದ 'ಶ್ರಮ್' ಧಾತುವಿನಿಂದ ಹುಟ್ಟಿದ್ದು. 'ವಿಶ್ರಾಂತಿ'ಯೂ ಅದೇ ಧಾತುವಿನ ಕೂಸು. ಒಂದರಲ್ಲಿ ಪ್ರಯತ್ನದ ಅರ್ಥವಿದೆ, ಇನ್ನೊಂದರಲ್ಲಿ ಪ್ರಯತ್ನದಿಂದ ಬಿಡುವು ಪಡೆಯುವ ಅರ್ಥ. ವೃದ್ಧಾಶ್ರಮವೆಂದು ಹೆಸರಿಟ್ಟು ವಿಶ್ರಾಂತಿಯೊಂದನ್ನೇ ಅಲ್ಲಿ ಉಳಿಸಿದರೆ, ಹೆಸರಿನ ಅರ್ಧ ಅರ್ಥ ಹೊರಗೇ ಉಳಿದಂತಾಯಿತು.

ನಮ್ಮಲ್ಲಿ ನೂರು ಹಕ್ಕಿಗಳನ್ನು ತರಿಸಬೇಕಾಗಿಲ್ಲ. ತುಳಸಿಗೆ ನೀರೆರೆಯುವುದು, ಅವರೆಕಾಯಿ ಸುಲಿಯುವುದು, ದೇವರ ಪೂಜೆಗೆ ಹೂ ಕಟ್ಟುವುದು, ಕಣ್ಣು ಮಂಜಾದ ಪಕ್ಕದವರಿಗೆ ಪತ್ರಿಕೆ ಓದಿ ಹೇಳುವುದು, ಅಡುಗೆಯವರ ಮಗುವಿಗೆ ಮಗ್ಗಿ ಹೇಳಿಕೊಡುವುದು—ಇವೆಲ್ಲ ನಮ್ಮ ಹಿರಿಯರ ಕೈಗೆ ಪಳಗಿದ ಕೆಲಸಗಳು. ಆದರೆ ಇವನ್ನು ಅವರು ಒಲಿದು ಮಾಡಬೇಕು. ಕೂಲಿಯಾಳು ಉಳಿಯಲೆಂದು ಮಾಡಿಸಿದರೆ ಅದು ದುಡಿಸಿಕೊಂಡಂತೆ. ಬೇಡವೆನ್ನುವ ಹಕ್ಕೂ ತೀರ್ಮಾನದ ಒಂದು ಭಾಗವೇ. ಜೀವಮಾನವೆಲ್ಲ ಒಲೆಯ ಮುಂದೆ ಬೆಂದ ತಾಯಿಗೆ ಅವರೆಕಾಯಿ ಕಂಡರಾಗದಿರಬಹುದು. ಅವಳಿಗೆ ಒಂದು ಕಿಟಕಿ, ಒಂದು ಕಾದಂಬರಿ ಸಾಕೆನಿಸಬಹುದು.

ನಿವಾಸವನ್ನು ಹುಡುಕಿ ಹೊರಟವರು ಊಟ, ಔಷಧಿ, ಬಾಡಿಗೆಗಳ ಜೊತೆಗೆ ಇನ್ನು ಕೆಲವು ಮಾತುಗಳನ್ನು ಕೇಳಬೇಕು. ಬೆಳಗ್ಗೆ ಏಳುವ ಹೊತ್ತನ್ನು ನಿಶ್ಚಯಿಸುವವರು ಯಾರು? ಮನೆಯಿಂದ ತಂದ ಕುರ್ಚಿ, ದೇವರ ಪಟ, ಹೊದಿಕೆಗಳನ್ನು ಇಟ್ಟುಕೊಳ್ಳಬಹುದೆ? ಕಾಫಿ ಬೇಕೆನಿಸಿದಾಗ ಕೇಳಿ ಪಡೆಯಬಹುದೆ? ದಿನಕ್ಕೊಮ್ಮೆಯಾದರೂ ಬಯಲಿನ ಬಿಸಿಲು ಗಾಳಿಗಳಿಗೆ ಕರೆದೊಯ್ಯುವರೆ? ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆಯಾದರೂ ಮಗ್ಗುಲು ಬದಲಿಸಿ, ಮೈ ಹುಣ್ಣಾಗದಂತೆ ನೋಡಿಕೊಳ್ಳುವರೆ? ಮುಪ್ಪಿನಲ್ಲಿ ಬಾಯಾರಿಕೆಯ ಅರಿವೇ ಕುಗ್ಗುವುದರಿಂದ, ಕೇಳದಿದ್ದರೂ ನೀರು ಕುಡಿಸುವವರು ಇದ್ದಾರೆಯೆ? ಕನ್ನಡಕ, ಕಿವಿಯ ಯಂತ್ರ, ಕಟ್ಟಿಸಿದ ಹಲ್ಲು—ಇವು ಪೆಟ್ಟಿಗೆಯಲ್ಲಿ ಉಳಿಯದೆ ಬಳಕೆಯಲ್ಲಿವೆಯೆ? ಔಷಧಿಗಳ ಪಟ್ಟಿಯನ್ನು ವೈದ್ಯರು ಆಗಾಗ ನೋಡಿ ಬೇಡವಾದುದನ್ನು ತೆಗೆಯುವರೆ? ಎಲ್ಲಕ್ಕಿಂತ ಮಿಗಿಲಾಗಿ, ಈ ಪ್ರಶ್ನೆಗಳನ್ನು ಕೇಳುವಾಗ ನಿಮ್ಮ ತಂದೆಯೋ ತಾಯಿಯೋ ನಿಮ್ಮ ಪಕ್ಕದಲ್ಲಿದ್ದಾರೆಯೆ? ಅವರಿರುವ ಮನೆಯನ್ನು ಅವರು ನೋಡದೆಯೇ ನಾವು ಗೊತ್ತುಮಾಡುವುದು ಎಲ್ಲಿಯ ನ್ಯಾಯ?

ಇದಿಷ್ಟೂ ಸಂಸ್ಥೆಯವರಿಗೆ ಮಾತ್ರ ಸಂಬಂಧಿಸಿದ್ದೆಂದು ತಿಳಿಯಬಾರದು. ಮಗ ಸೊಸೆಯರೊಡನೆ ಸ್ವಂತ ಮನೆಯಲ್ಲಿಯೇ ಇದ್ದು, ಹೊತ್ತುಹೊತ್ತಿಗೆ ತಟ್ಟೆ ಪಡೆದು, ಯಾವ ಮಾತಿಗೂ ಬೇಕಾಗದವರಾಗಿ ಕುಳಿತ ಹಿರಿಯರು ನಮ್ಮ ಬೀದಿಗಳಲ್ಲಿ ಎಷ್ಟು ಮಂದಿ ಇಲ್ಲ! ಅವರ ಪಾಲಿಗೆ ಮನೆಯೂ ಶುಶ್ರೂಷಾಲಯವೇ.

ಮುಂದಿನ ಭಾನುವಾರ ಅವರಿಗೆ ಹಣ್ಣು ಒಯ್ಯುವವರು ಒಯ್ಯಲಿ. ಜೊತೆಗೆ, ಮನೆಯಲ್ಲಿ ಇನ್ನೂ ತೀರ್ಮಾನವಾಗದ ಯಾವುದಾದರೂ ಒಂದು ವಿಷಯವನ್ನೂ ಒಯ್ಯಿರಿ. ಮಗಳ ನಾಮಕರಣಕ್ಕೆ ಯಾರನ್ನು ಕರೆಯಬೇಕು, ಹಳೆಯ ಮರದ ಪೆಟ್ಟಿಗೆಯನ್ನು ಏನು ಮಾಡಬೇಕು, ಈ ಸಲ ಉಪ್ಪಿನಕಾಯಿಗೆ ಎಷ್ಟು ಮಾವಿನಕಾಯಿ ಬೇಕು—ಅಷ್ಟೇ ಆದರೂ ಸರಿ. ಕೇಳಿದ ಮೇಲೆ ಅವರು ಹೇಳಿದಂತೆ ನಡೆಯಿರಿ. ನಡೆದದ್ದನ್ನು ಅದರ ಮುಂದಿನ ಭಾನುವಾರ ಹೋಗಿ ತಿಳಿಸಿರಿ.